ಬಿರುಕಿನೊಳಗಿನ ವಿಭೂತಿ

ಕಾರಿನ ಮುಂದಿನ ಗಾಜಿಗೆ ಕಲ್ಲು ಬಡಿದರೆ ನಮ್ಮ ಜನ ಮೊದಲು ಮಾಡುವ ಕೆಲಸ ಹೆಬ್ಬೆರಳಿಟ್ಟು ಅದನ್ನು ತಿಕ್ಕಿ ನೋಡುವುದು. ಬೆವರು, ತಂಬಾಕಿನ ಪುಡಿ, ಆಗಷ್ಟೇ ತಿಂದ ಮಿರ್ಚಿಯ ಎಣ್ಣೆ, ಎಲ್ಲವನ್ನೂ ಆ ಸಣ್ಣ ಗುಳಿಯೊಳಗೆ ತುಂಬುತ್ತಾರೆ. ಆಮೇಲೆ ಹದಿನೈದು ದಿನ ಅದನ್ನು ಮರೆತುಬಿಡುತ್ತಾರೆ. ಹದಿನಾರನೆಯ ದಿನ ಗುಳಿಯಿಂದ ಬಿರುಕು ಹೊರಟಾಗ ನನ್ನ ಅಂಗಡಿಗೆ ಓಡಿಬಂದು 'ನಿನ್ನೇನ ಆಗೇತ್ರಿ' ಎಂದು ಸುಳ್ಳು ಹೇಳುತ್ತಾರೆ. ಜಮಖಂಡಿಯವರು ಮುಧೋಳದ ರಸ್ತೆಯನ್ನು ಬೈಯುತ್ತಾರೆ, ಮುಧೋಳದವರು ಜಮಖಂಡಿಯ ರಸ್ತೆಯನ್ನು ಬೈಯುತ್ತಾರೆ, ಬೀಳಗಿಯವರು ಎರಡನ್ನೂ ಬೈಯುತ್ತಾರೆ. ತನ್ನ ಹೆಬ್ಬೆರಳನ್ನು ಬೈದುಕೊಂಡವನನ್ನು ನಾನು ಇದುವರೆಗೆ ಕಂಡಿಲ್ಲ.

ನನ್ನ ಅಂಗಡಿ ಜಮಖಂಡಿಯಲ್ಲಿದೆ. ನನ್ನ ಕೆಲಸದಲ್ಲಿರುವುದು ಒಂದೇ ಪ್ರಶ್ನೆ: ತುಂಬಬೇಕೋ, ಬದಲಿಸಬೇಕೋ. ಮುಂದಿನ ಗಾಜು ನೋಡಲು ಒಂದು, ನಿಜದಲ್ಲಿ ಎರಡು; ನಡುವೆ ತೆಳುವಾದ ಪ್ಲಾಸ್ಟಿಕ್ ಹಾಳೆ ಅಂಟಿರುತ್ತದೆ. ಅದಕ್ಕೇ ಕಲ್ಲು ಬಿದ್ದರೂ ಅದು ಬಾಗಿಲಿನ ಗಾಜಿನ ಹಾಗೆ ಹರಳಾಗಿ ಉದುರುವುದಿಲ್ಲ. ಹೊರಗಾಜಿನಲ್ಲಿ ಮಾತ್ರ ಗುಳಿ ಬಿದ್ದು, ಅದು ಎರಡು ರೂಪಾಯಿ ನಾಣ್ಯದ ಅಡಿಯಲ್ಲಿ ಮುಚ್ಚಿಹೋಗುವಷ್ಟು ಸಣ್ಣದಿದ್ದರೆ, ಒಳಗಿನ ಗಾಳಿಯನ್ನು ಎಳೆದು, ನೀರಿನಷ್ಟು ತೆಳುವಾದ ರಾಳ ತುಂಬಿ, ನೇರಳೆ ದೀಪ ಹಿಡಿದು ಗಟ್ಟಿ ಮಾಡಬಹುದು. ಅರ್ಧ ತಾಸಿನ ಕೆಲಸ. ಬಿರುಕು ಗೇಣುದ್ದ ದಾಟಿದರೆ, ಗಾಜಿನ ಅಂಚಿಗೆ ನಾಲ್ಕು ಬೆರಳು ಹತ್ತಿರ ಬಂದರೆ, ಇಲ್ಲವೆ ಗಾಡಿ ಓಡಿಸುವವನ ಕಣ್ಣಿನ ನೇರಕ್ಕೆ ಬಿದ್ದರೆ ಇಡೀ ಗಾಜನ್ನೇ ಬದಲಿಸಬೇಕು. ಎಷ್ಟೇ ಚೆನ್ನಾಗಿ ತುಂಬಿದರೂ ಅಲ್ಲೊಂದು ಮಬ್ಬು ಉಳಿಯುತ್ತದೆ. ಎದುರಿನಿಂದ ಬರುವ ಟ್ರ್ಯಾಕ್ಟರಿನ ದೀಪ ಅದರ ಮೇಲೆ ಬಿದ್ದರೆ ರಸ್ತೆ ಕಾಣುವುದಿಲ್ಲ. ಇಷ್ಟು ಸರಳ ಮಾತು ಈ ನಾಲ್ಕು ಊರಿನಲ್ಲಿ ನನಗೊಬ್ಬನಿಗೇ ತಿಳಿದಿದೆ ಎಂದು ನಾನು ನಂಬಿದ್ದೆ. ಎದುರಿಗೆ ಬಂದವರ ಜೊತೆ ನಡೆದುಕೊಳ್ಳುತ್ತಿದ್ದುದೂ ಆ ನಂಬಿಕೆಯಿಂದಲೇ.

ಕಬ್ಬಿನ ಹಂಗಾಮು ನನಗೆ ಸುಗ್ಗಿ. ಎರಡೆರಡು ಟ್ರೇಲರ್ ಎಳೆದುಕೊಂಡು ಹೋಗುವ ಟ್ರ್ಯಾಕ್ಟರುಗಳು ಟಯರಿನ ಸಂದಿಯಲ್ಲಿ ಸಿಕ್ಕ ಕಡಿಗಲ್ಲನ್ನು ಹಿಂದಿನವರ ಮೇಲೆ ಉಗುಳುತ್ತ ಸಾಗುತ್ತವೆ. ಅಂಥ ಒಂದು ದಿನ ಮುಂಜಾನೆ ನಾನು ಒಬ್ಬ ಗುತ್ತಿಗೆದಾರನ ದೊಡ್ಡ ಗಾಡಿಯ ಗಾಜು ತುಂಬುತ್ತಿದ್ದೆ. ಗುತ್ತಿಗೆದಾರ ನನ್ನ ಕುರ್ಚಿಯ ಮೇಲೆ ಕೂತಿದ್ದ. ಮುಖಕ್ಕೆ ಮಫ್ಲರ್ ಸುತ್ತಿಕೊಂಡ ಒಬ್ಬ ಮನುಷ್ಯ ಬಾಗಿಲಲ್ಲಿ ಬಂದು ನಿಂತ.

'ಗ್ಲಾಸಿಗೆ ಸಣ್ಣ ಕಲ್ಲು ಬಡದೇತ್ರಿ. ಒಂಚೂರು ನೋಡತೀರೇನು?'

'ಗಾಡಿ ಯಾರದು?'

'ಸಾವಕಾರ್ದರಿ. ನಾ ಡ್ರೈವರ್.'

'ಸಾವಕಾರ್ನ ಕರಕೊಂಡ ಬಾ. ಡ್ರೈವರ್ ಕೂಡ ನಾ ಮಾತಾಡಂಗಿಲ್ಲ.'

ಅದು ನನ್ನ ಅಂಗಡಿಯ ನಿಯಮವಾಗಿತ್ತು. ಡ್ರೈವರ್ ಹೂಂ ಅಂದ ಕೆಲಸಕ್ಕೆ ಮಾಲೀಕ ಆಮೇಲೆ ಬಂದು ಊಹೂಂ ಅನ್ನುತ್ತಾನೆ, ಅದು ಯಾರಿಗೆ ಬೇಕು. ಆದರೆ ಆತ ಹೋಗಲಿಲ್ಲ.

'ಅವರು ಊರಾಗಿಲ್ರಿ. ಅಲ್ಲೀತನ ಧೂಳಿ ಹೋಗದಂಗ ಏನರ ಮಾಡೂದು ಐತೇನ್ರಿ?'

'ಐತಲ್ಲ. ಔಷಧ ಅಂಗಡಿಗೆ ಹೋಗು, ಗಾಯಕ್ಕ ಹಚ್ಚೂ ಪಟ್ಟಿ ತಗೊ, ಅದರ ಮ್ಯಾಲ ಹಚ್ಚು. ಮಾಯ್ದು ಹೋಗತೈತಿ.'

ಗುತ್ತಿಗೆದಾರ ಹೊಟ್ಟೆ ಕುಣಿಸಿ ನಕ್ಕ. ಬಾಗಿಲಲ್ಲಿದ್ದವನು 'ಆತ್ರಿ' ಅಂದು ಹೋದ. ನಾನು ತಲೆ ಎತ್ತಿ ಅವನನ್ನು ನೋಡಲೂ ಇಲ್ಲ. ಆ ಮಾತು ನನಗೇ ಎಷ್ಟು ಹಿಡಿಸಿತೆಂದರೆ ಸಂಜೆ ಚಹದಂಗಡಿಯಲ್ಲಿ ಮೂರು ಜನರಿಗೆ ಹೇಳಿ ನಗಿಸಿದೆ.

ಸುಮಾರು ಒಂದು ತಿಂಗಳ ಮೇಲೆ ಬನಹಟ್ಟಿಯಿಂದ ನೂಲಿನ ವ್ಯಾಪಾರಿಯೊಬ್ಬರು ಫೋನ್ ಮಾಡಿದರು. ಬನಹಟ್ಟಿಯಲ್ಲಿ ನೂಲು ಮಾರುವವರೆಲ್ಲ ಸಾವಕಾರರೇ. ಇವರು ಅವರೊಳಗೆ ದೊಡ್ಡ ಸಾವಕಾರರು. 'ನಮ್ಮ ಡ್ರೈವರ್ ಗ್ಲಾಸ್ ಒಡಕೊಂಡ ಬಂದಾನ್ರಿ. ನೀವು ಬಂದ್ ನೋಡಿ ಹೇಳಬೇಕು' ಎಂದರು. ಪೆಟ್ಟಿಗೆಯನ್ನು ಬೈಕಿಗೆ ಕಟ್ಟಿಕೊಂಡು ಹೋದೆ.

ಅವರ ಗೋದಾಮಿನ ಹಿಂದಿನ ಅಂಗಳದಲ್ಲಿ ಗಾಡಿ ನಿಂತಿತ್ತು. ಎರಡೂ ಬದಿಗೆ ಪವರ್‌ಲೂಮ್ ಶೆಡ್ಡುಗಳು. ಆ ಸದ್ದಿನಲ್ಲಿ ಮಾತಾಡಬೇಕಾದರೆ ಕಿವಿಯ ಹತ್ತಿರ ಹೋಗಬೇಕು. ಗಾಡಿಯ ಮೇಲೆ ಎಂದಿನಂತೆ ಹತ್ತಿಯ ಧೂಳು. ಮೂತಿಗೆ ಬಾಡಿದ ಚೆಂಡುಹೂವಿನ ಮಾಲೆ, ಬಂಪರಿಗೆ ಕಟ್ಟಿದ ನಿಂಬೆಹಣ್ಣು, ಮುಂದಿನ ಗಾಜಿನ ನಟ್ಟನಡುವೆ ಅಡ್ಡಕ್ಕೆ ಮೊಳದುದ್ದ ಎಳೆದ ಮೂರು ಸಾಲು ವಿಭೂತಿ. ಮೂರು ದಿನದ ಹಿಂದೆ ಅಮಾವಾಸ್ಯೆಯ ಪೂಜೆ ಆಗಿತ್ತು. ಪೂಜೆಯ ವಿಭೂತಿಯನ್ನು ಒರೆಸಬಾರದು, ತಾನಾಗಿ ಉದುರಬೇಕು, ಅಲ್ಲಿಯವರೆಗೆ ವೈಪರ್ ಹಾಕಬಾರದು. ರಸ್ತೆ ಕಾಣದಿದ್ದರೂ ನಡೆಯುತ್ತದೆ, ವಿಭೂತಿ ಕಾಣದಿದ್ದರೆ ನಡೆಯುವುದಿಲ್ಲ. ನಮ್ಮ ಕಡೆಯ ಬುದ್ಧಿವಂತಿಕೆ ಇದು.

ಸಾವಕಾರರು ನನ್ನನ್ನು ಗಾಡಿಯ ಹತ್ತಿರ ಕರೆದೊಯ್ದು ವಿಷಯ ಹೇಳಿದರು. ಅಮಾವಾಸ್ಯೆಯ ದಿನ ಪೂಜೆ ಮುಗಿಸಿ, ಮಧ್ಯಾಹ್ನ ತಮ್ಮ ತಂಗಿಯನ್ನು ಅನಗವಾಡಿಗೆ ಬಿಟ್ಟು ಬಾ ಎಂದು ಡ್ರೈವರನನ್ನು ಕಳಿಸಿದ್ದರು. ಅವನು ಸಂಜೆ ಮರಳಿ ಬಂದಾಗ ಗಾಜು ಸೀಳಿತ್ತು.

'ಕಬ್ಬಿನ ಟ್ರ್ಯಾಕ್ಟರ್ ಹಿಂದ ಅಂಟಕೊಂಡ ಹೊಡದಾನ್ರಿ. ಕೇಳಿದ್ರ ಕಲ್ಲ ಬಡದಿಲ್ಲ ಅಂತಾನ. ಕಲ್ಲ ಬಡೀದ ಗ್ಲಾಸ್ ಒಡೀತೈತೇನ್ರಿ? ನಿಮ್ಮ ಬಾಯಿಲೆ ಒಂದ್ ಮಾತು ಬರಲಿ, ಇವತ್ತ ಅವನ ಕೆಲಸ ಬಿಡಸ್ತೇನಿ.'

ಡ್ರೈವರ್ ಗೇಟಿನ ಹತ್ತಿರ ಕೈಕಟ್ಟಿ ನಿಂತಿದ್ದ. ಗಾಡಿಯ ಕೀಲಿಯನ್ನು ಆಗಲೇ ಅವನ ಕೈಯಿಂದ ಕಿತ್ತುಕೊಂಡಾಗಿತ್ತು. ಲೂಮಿನ ಒಬ್ಬ ಹಿರಿಯ ನನ್ನ ಕಿವಿಯ ಹತ್ತಿರ ಬಂದು ಹೇಳಿದ: ಇವನು ಮೊದಲು ಕಬ್ಬಿನ ಟ್ರ್ಯಾಕ್ಟರ್ ಹೊಡೆಯುತ್ತಿದ್ದನಂತೆ, ಸೊಂಟದ ಮಣಿ ಸರಿದು ಆರು ತಿಂಗಳು ಮಲಗಿದ್ದನಂತೆ, ಮತ್ತೆ ಟ್ರ್ಯಾಕ್ಟರ್ ಹತ್ತಿದರೆ ಏಳುವುದಿಲ್ಲ ಎಂದು ಡಾಕ್ಟರು ಹೇಳಿದ ಮೇಲೆ ಇಲ್ಲಿಗೆ ಬಂದನಂತೆ. ಗಾಡಿ ಒಡೆದವನು ಎಂದು ಒಬ್ಬ ಸಾವಕಾರ ಬಿಡಿಸಿದರೆ ರಬಕವಿ-ಬನಹಟ್ಟಿಯಲ್ಲಿ ಇನ್ನೊಬ್ಬ ಸಾವಕಾರ ಇಟ್ಟುಕೊಳ್ಳುವುದಿಲ್ಲ. ಅವನಿಗೆ ಉಳಿಯುವುದು ಟ್ರ್ಯಾಕ್ಟರ್ ಒಂದೇ. ಇದನ್ನೆಲ್ಲ ಕೇಳಿಯೂ ನನಗೆ ಅನಿಸಿದ್ದು ಇಷ್ಟೇ: ಇವರ ಮನೆಯ ನ್ಯಾಯ ಬಗೆಹರಿಸಲು ನಾನು ಜಮಖಂಡಿಯಿಂದ ಬರಬೇಕಾಯಿತೆ.

ಗಾಜಿನ ಮೇಲೆ ಕೈ ಇಡಲು ಹೋದರೆ ಸಾವಕಾರರು ತಡೆದರು. 'ಗ್ಲಾಸಿನವರ, ಚಪ್ಪಲಿ ತಗದ ಮುಟ್ರಿ. ವಿಭೂತಿ ಐತಿ.' ಚಪ್ಪಲಿ ಬಿಟ್ಟು, ಒರೆಸದೆ ಬಿರುಕು ಕಾಣದು ಎಂದು ಅವರನ್ನು ಒಪ್ಪಿಸಿ, ಒಣ ಬಟ್ಟೆಯಿಂದ ವಿಭೂತಿ ಒರೆಸಿ, ಸ್ಪಿರಿಟ್ ಹಾಕಿ ತೊಳೆದೆ. ಆಗ ಬಿರುಕು ಪೂರ್ತಿ ಕಂಡಿತು. ಒಳಗಿನ ಕನ್ನಡಿಯ ನೇರಕ್ಕೆ ಕೆಳಗೆ ಒಂದು ಗುಳಿ, ಕಾಳುಮೆಣಸಿನಷ್ಟು. ಅಲ್ಲಿಂದ ಬಿರುಕು ನೆಟ್ಟಗೆ ಕೆಳಗಿಳಿದು, ವಿಭೂತಿಯಿದ್ದ ಜಾಗ ದಾಟಿದ ಮೇಲೆ ಬಲಕ್ಕೆ, ಡ್ರೈವರನ ಕಡೆಗೆ ಹೊರಳಿತ್ತು. ಅಳೆದರೆ ಒಂದು ಗೇಣು ನಾಲ್ಕು ಬೆರಳು. ಒಳಗೆ ಕೂತು ಉಗುರಿನಿಂದ ಎಳೆದು ನೋಡಿದೆ, ಒಳಗಾಜು ನುಣುಪಾಗಿತ್ತು. ಸೀಳಿದ್ದು ಹೊರಗಿನದು ಮಾತ್ರ.

ಗುಳಿಯ ಸುತ್ತ ಚೌಕಾಕಾರದ ಒಂದು ಅಂಟಿನ ಗುರುತು ಇತ್ತು. ಕೆರೆದು ಮೂಸಿದೆ. ಆಸ್ಪತ್ರೆಯ ವಾಸನೆ.

'ಇದಕ್ಕ ಗಾಯದ ಪಟ್ಟಿ ಹಚ್ಚಿದ ಶಾಣ್ಯಾ ಯಾರು?' ಎಂದು ಜೋರಾಗಿ ಕೇಳಿದೆ. 'ಗುಳಗೀನೂ ನುಂಗಿಸಿದ್ದ ಏನು?'

ಲೂಮಿನವರೆಲ್ಲ ನಕ್ಕರು, ಸಾವಕಾರರೂ ನಕ್ಕರು. ಗೇಟಿನ ಹತ್ತಿರವಿದ್ದವನು ನನ್ನನ್ನೇ ನೋಡಿದ. ನಗಲಿಲ್ಲ, ಮಾತಾಡಲಿಲ್ಲ. ತಪ್ಪು ಮಾಡಿದವನ ಮೌನ ಎಂದು ನಾನು ತಿಳಿದುಕೊಂಡೆ.

'ಇದನ್ನ ತುಂಬಾಕ ಆಗಂಗಿಲ್ಲ ಸಾವಕಾರ್ರ. ಬದಲಿ ಹಾಕಬೇಕು' ಎಂದೆ. ಅಲ್ಲಿಗೇ ನಿಲ್ಲಿಸಿ ಬೈಕು ಹತ್ತಿದ್ದರೆ ನಾನು ಈಗಲೂ ದೊಡ್ಡ ಮನುಷ್ಯನಾಗಿಯೇ ಇರುತ್ತಿದ್ದೆ.

'ನಾಡಿದ್ದ ಮುಧೋಳಕ್ಕ ಮಗಳಿಗೆ ವರ ನೋಡಾಕ ಹೋಗೂದೈತ್ರಿ' ಎಂದರು ಅವರು. 'ಒಡಕ ಗ್ಲಾಸಿನ ಗಾಡ್ಯಾಗ ಹೆಂಗ ಹೋಗೂದು? ಹೊಸಾದು ಬರಾಕ ಎರಡ್ ಮೂರ್ ದಿನ ಬೇಕಂತ. ಕಾಣದಂಗ ಮಾಡಿಕೊಡ್ರಿ ಸಾಕು. ಉಳದವರ ಕೈಲೆ ಆಗಂಗಿಲ್ಲ ಅಂತ ನನಗೂ ಗೊತ್ತೈತಿ. ಅದಕ್ಕ ನಿಮ್ಮನ್ನ ಕರಸೇನಿ.'

ಕೊನೆಯ ಎರಡು ಮಾತು ನನ್ನನ್ನು ಕೆಡಿಸಿದವು. ಬೇರೆ ಯಾರಿಗಾದರೂ ಯಾರಾದರೂ ಹೀಗೆ ಬೆಣ್ಣೆ ಹಚ್ಚಿದ್ದರೆ ನಾನು ಮನಸ್ಸಿನಲ್ಲೇ ನಗುತ್ತಿದ್ದೆ. ನನಗೇ ಹಚ್ಚಿದಾಗ ಪೆಟ್ಟಿಗೆ ತೆರೆದೆ. ನನ್ನ ನಿಯಮವನ್ನು ನಾನೇ ಮುರಿದೆ, ಅದೂ ಅಂಗಳದ ತುಂಬ ಜನ ನೋಡುತ್ತಿರುವಾಗ.

ಬಿರುಕಿನ ತುದಿಯಲ್ಲಿ ಒಂದು ಸೂಜಿಮೊನೆಯಷ್ಟು ತೂತು ಹಾಕಿದರೆ ಅದು ಮುಂದೆ ಹರಿಯುವುದಿಲ್ಲ. ಹಗುರ ಕೈ ಬೇಕು. ಹೊರಗಾಜು ದಾಟಿ ಪ್ಲಾಸ್ಟಿಕ್ ಮುಟ್ಟಬಾರದು. ಬಿಸಿಲು ಬೀಳದಂತೆ ಹಳೆಯ ತಾಡಪತ್ರಿ ಹಿಡಿಯಲು ಯಾರಾದರೂ ಬೇಕಿತ್ತು. ಸಾವಕಾರರು ಡ್ರೈವರನನ್ನು ಕರೆದರು. ಅವನು ಬಂದು ಎರಡೂ ಕೈಯೆತ್ತಿ ತಾಡಪತ್ರಿ ಹಿಡಿದು ನಿಂತ. ನಾನು ಡ್ರಿಲ್ ಮುಟ್ಟಿಸಿದೆ. ಬೆರಳಿಗೆ ಒಂದು ಸಣ್ಣ ಟಿಕ್ ತಿಳಿಯಿತು. ಬಿರುಕು ನನ್ನ ಕಣ್ಣ ಮುಂದೆಯೇ ಇನ್ನೂ ನಾಲ್ಕು ಬೆರಳು ಸರಿದು, ಓಡಿಸುವವನ ಕಣ್ಣಿನ ನೇರಕ್ಕೆ ಹೋಗಿ ನಿಂತಿತು.

'ಗೇಟ್ ಯಾಕ ಬಡೀತೀರಿ' ಎಂದು ನಾನು ಲೂಮಿನವರ ಮೇಲೆ ಹಾರಿದೆ. ಗೇಟನ್ನು ಯಾರೂ ಮುಟ್ಟಿರಲಿಲ್ಲ. ತಾಡಪತ್ರಿಯ ಕೆಳಗೆ ನನ್ನ ಪಕ್ಕದಲ್ಲೇ ಇದ್ದ ಡ್ರೈವರಿಗೆ ಅದು ಗೊತ್ತಿತ್ತು.

ನಿಯಮದ ಪ್ರಕಾರ ಗಾಜಿನ ಕತೆ ಆಗಲೇ ಮುಗಿದಿತ್ತು. ಆದರೂ ಹಟ ಬಿಡಲಿಲ್ಲ. ಹೊಸ ತುದಿಗೆ ಇನ್ನೊಂದು ತೂತು ಹಾಕಿದೆ, ಅದು ನಿಂತಿತು. ಗಾಳಿ ಎಳೆಯುವ ಪಂಪು ಕೂರಿಸಿ ಬಲದ ತುದಿಯಿಂದ ರಾಳ ಬಿಡುತ್ತ ಬಂದೆ. ಹೊರಳಿದ ಭಾಗದಲ್ಲಿ ರಾಳ ಸರಾಗ ಓಡಿತು, ಬೆಳ್ಳಗೆ ಹೊಳೆಯುತ್ತಿದ್ದ ಬಿರುಕು ಅದರ ಹಿಂದೆಯೇ ಅಳಿಸಿಹೋಯಿತು. ಸಾವಕಾರರು 'ವಾ' ಎಂದರು. ನೆಟ್ಟಗಿನ ಭಾಗಕ್ಕೆ ಬಂದಾಗ ರಾಳ ನಿಂತುಬಿಟ್ಟಿತು. ಒಳಗಿನಿಂದ ಲೈಟರ್ ಹಿಡಿದು ಗಾಜು ಬೆಚ್ಚಗೆ ಮಾಡಿದೆ, ಹೋಗಲಿಲ್ಲ. ಆ ಜಾಗ ಬಿಟ್ಟು ಮೇಲಿನಿಂದ ಬಿಟ್ಟೆ. ಎರಡು ಬೆರಳು ಇಳಿದು ಮತ್ತೆ ನಿಂತಿತು. ಮೂರನೆಯ ಸಲವೂ ಅದೇ. ಬಿರುಕಿನಲ್ಲಿ ಒಂದರ ಕೆಳಗೊಂದು ಮೂರು ಕಡೆ ಬಿಳಿಯಾಗಿ ಉಳಿಯಿತು.

ಗಾಜಿನ ಪುಡಿ ಇರಬೇಕು ಎಂದುಕೊಂಡೆ. ಕಲ್ಲು ಬಡಿದ ಕಡೆ ಗಾಜು ಹಿಟ್ಟಾಗಿ ಒಳಗೇ ಉಳಿಯುವುದುಂಟು. ಆದರೆ ಅದು ಗುಳಿಯಲ್ಲಿರಬೇಕು, ಬಿರುಕಿನ ನಡುವೆ ಯಾಕೆ ಇರುತ್ತದೆ? ಸೂಜಿಯಿಂದ ಒಂದಿಷ್ಟು ಕೆದರಿ ತೆಗೆದು ಹೆಬ್ಬೆರಳಿನ ಉಗುರಿನ ಮೇಲಿಟ್ಟು ತಿಕ್ಕಿದೆ. ಗಾಜಿನ ಪುಡಿಯಾದರೆ ಗೀರುತ್ತದೆ, ಕರಕರ ಅನ್ನುತ್ತದೆ. ಇದು ಮುಖದ ಪೌಡರಿನ ಹಾಗೆ ನುಣ್ಣಗೆ ಹರಡಿತು.

ವಿಭೂತಿ.

ಉಗುರು ಒರೆಸಿಕೊಂಡು ಬಿರುಕನ್ನು ಮತ್ತೆ ನೋಡಿದೆ. ಮೂರು ಬಿಳಿ ಜಾಗಗಳ ನಡುವಿನ ಅಂತರ ಒಂದೇ ಸಮ ಇತ್ತು. ನನ್ನ ಮೂರು ಬೆರಳನ್ನು ಅವುಗಳ ಮೇಲಿಟ್ಟೆ. ಸರಿಯಾಗಿ ಕೂತವು. ನೀರಿನಲ್ಲಿ ಕಲಸಿದ ವಿಭೂತಿಯನ್ನು ಮೂರು ಬೆರಳಿನಿಂದ ಎಳೆದಾಗ ಅದು ಆಗಲೇ ಬಾಯಿಬಿಟ್ಟಿದ್ದ ಬಿರುಕಿನೊಳಗೆ ಇಳಿದಿತ್ತು. ಅಂದರೆ ಪೂಜೆಯ ಹೊತ್ತಿಗೇ ಗಾಜು ಸೀಳಿತ್ತು. ಮೇಲಿನ ವಿಭೂತಿ ಅದನ್ನು ಮುಚ್ಚಿತ್ತು. ಹೊರಳಿದ ಭಾಗದಲ್ಲಿ ವಿಭೂತಿ ಇರಲಿಲ್ಲ, ಅದು ಆಮೇಲೆ ದಾರಿಯ ಕುಲುಕಾಟದಲ್ಲಿ ಬೆಳೆದದ್ದು. ಡ್ರೈವರ್ ಹೇಳಿದ್ದು ಅಕ್ಷರಶಃ ನಿಜ. ದಾರಿಯಲ್ಲಿ ಕಲ್ಲು ಬಡಿದಿರಲಿಲ್ಲ.

'ಪೂಜಾ ಯಾರು ಮಾಡಿದ್ರಿ ಸಾವಕಾರ್ರ?' ಎಂದು ಕೇಳಿದೆ.

ಅವರಿಗೆ ಆ ಪ್ರಶ್ನೆ ಖುಷಿ ಕೊಟ್ಟಿತು. 'ನಾನರಿ. ಪ್ರತಿ ಅಮಾಸಿಗೂ ನಾನ ಮಾಡಾಂವ. ಡ್ರೈವರ್‌ಗೆ ಮುಟ್ಟಾಕ ಬಿಡಂಗಿಲ್ಲ. ಈ ಹತ್ತಿ ಧೂಳಿ ಇಬ್ಬನಿಗೆ ಗ್ಲಾಸಿಗೆ ಅಂಟಿ ಕೂತಿರತೈತಿ. ತಣ್ಣೀರಿಗೆ ಹೋಗಂಗಿಲ್ಲ, ಅದರ ಮ್ಯಾಲ ವಿಭೂತಿ ಹಿಡಿಯಂಗಿಲ್ಲ. ಅದಕ್ಕ ಸ್ನಾನ ಆದಕೂಡ್ಲೆ ಹಂಡೇದ ಬಿಸಿನೀರ ಎರಡ್ ಕೊಡ ಹುಯ್ಯತೇನಿ. ಈ ಸಲ ನೋಡಿದ್ರ ಗ್ಲಾಸಿಗೆ ಗಾಯದ ಪಟ್ಟಿ! ಲಕ್ಷ್ಮಿ ಕೂಡೂ ಗಾಡಿಗೆ ಅಂಥಾದ್ದು ಹಚ್ಚತಾರೇನ್ರಿ? ಕಿತ್ತ ಒಗದು, ನೀರ ಹಾಕಿ, ವಿಭೂತಿ ಎಳದೆ.'

ಚಳಿಗಾಲದ ಮುಂಜಾನೆ. ರಾತ್ರಿಯೆಲ್ಲ ಬಯಲಲ್ಲಿ ನಿಂತು ತಣ್ಣಗಾದ ಗಾಜು. ಅದರಲ್ಲಿ ಒಂದು ಗುಳಿ. ಅದರ ಮೇಲೆ ಹಂಡೆಯ ಸುಡುನೀರು ಎರಡು ಕೊಡ. ಟಿಕ್ ಅಂದಿರಲೇಬೇಕು, ಲೂಮಿನ ಸದ್ದಿನಲ್ಲಿ ಅವರಿಗೆ ಕೇಳಿಸಿಲ್ಲ. ಒಡೆದ ಗಾಜಿನ ಮೇಲೆ ತಾವೇ ಭಕ್ತಿಯಿಂದ ವಿಭೂತಿ ಬಳಿದು, ಕೆಲಸದವನ ತಲೆಗೆ ಅದನ್ನು ಕಟ್ಟಲು ಹೊರಟ ಆ ದೊಡ್ಡ ಮನುಷ್ಯರನ್ನು ನೋಡಿ ನನಗೆ ಒಳಗೊಳಗೇ ಭಾರಿ ಸಂತೋಷವಾಯಿತು. ಮೂರ್ಖರನ್ನು ಮೂರ್ಖರೆಂದು ರುಜುವಾತು ಮಾಡುವ ಅವಕಾಶ ದಿನಾ ಸಿಗುವುದಿಲ್ಲ.

ಅವರು ಮುಂದುವರಿಸಿದರು: 'ಆ ಪಟ್ಟಿ ಹಚ್ಚಿದಾಂವ ಇಂವನ. ಈಗ ತಿಳೀತ ನೋಡ್ರಿ ನನಗ. ಮದ್ಲ ಕಲ್ಲ ಬಡಿಸ್ಯಾನ, ನನಗ ಕಾಣಬಾರದಂತ ಪಟ್ಟಿ ಹಚ್ಚಿ ಮುಚ್ಚ್ಯಾನ. ಒಡದಾಂವನೂ ಅವನ, ಮುಚ್ಚಿಟ್ಟಾಂವನೂ ಅವನ. ಇಂಥಾವನ್ನ ಮನ್ಯಾಗ ಇಟ್ಕೋಬಾರದು.' ಇಷ್ಟು ಹೇಳಿ ಒಳಗಿನಿಂದ ಯಾರೋ ಕರೆದರೆಂದು ಅವರು ಗೋದಾಮಿಗೆ ಹೋದರು.

ತಾಡಪತ್ರಿಯ ಕೆಳಗೆ ನಾನು ಮತ್ತು ಅವನು ಇಬ್ಬರೇ ಉಳಿದೆವು. ಸೂಜಿ ಒರೆಸುತ್ತ ನಾನು ಕೇಳಿದೆ: 'ಗುಳಿಗೆ ಗಾಯದ ಪಟ್ಟಿ ಹಚ್ಚು ಅಂತ ನಿನಗ ಯಾ ಮಹಾನುಭಾವ ಹೇಳಿದಾ?'

'ನೀವ ಹೇಳಿದ್ರೆಲ್ಲರಿ' ಎಂದ.

ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಅಂಗಡಿಯ ವಿಳಾಸ ಹೇಳುವವನ ಹಾಗೆ ಹೇಳಿದ. 'ಒಂದ್ ತಿಂಗಳ ಹಿಂದ ಜಮಖಂಡಿಗೆ ಬಂದಿದ್ನೆಲ್ಲರಿ. ಕುರ್ಚಿ ಮ್ಯಾಲ ಒಬ್ರು ಕುಂತು ನಗಾಕತ್ತಿದ್ರು. ನೀವು ಔಷಧ ಅಂಗಡಿಗೆ ಹೋಗು ಅಂದ್ರಿ. ಅಲ್ಲೇ ಮಗ್ಗಲದಾಗ ತಗೊಂಡು ಹಚ್ಚಿದೆ. ಸಾವಕಾರ್ರಿಗೂ ಎರಡ್ ಸಲ ಹೇಳೇನ್ರಿ, ಗ್ಲಾಸಿನವರು ನೀವ ಬರಬೇಕ ಅಂತಾರ ಅಂತ. ನೋಡೂಣು ಅಂದ್ರು. ಮರತಾರ.'

ಬಿಸಿಲಿಲ್ಲದ ಆ ನೆರಳಿನಲ್ಲಿ ನನ್ನ ಮುಖ ಬಿಸಿಯಾಯಿತು. ಆಗಿನ ಗುಳಿ ನೆನಪಿಸಿಕೊಳ್ಳಲು ನೋಡಿದೆ. ನೆನಪಾಗಲಿಲ್ಲ, ಯಾಕೆಂದರೆ ನಾನು ಅದನ್ನು ನೋಡಿಯೇ ಇರಲಿಲ್ಲ. ಕಾಳುಮೆಣಸಿನಷ್ಟು ಗುಳಿ, ಹೊಸದು, ಅಂಚಿನಿಂದ ದೂರ, ಕಣ್ಣಿನ ನೇರಕ್ಕಿಲ್ಲದ್ದು.  ಅರ್ಧ ತಾಸಿನ ಕೆಲಸ. ಇನ್ನೂ ನಾಚಿಕೆಯ ಮಾತೆಂದರೆ, ನಾನು ಚೇಷ್ಟೆಗೆಂದು ಹೇಳಿದ ಪಟ್ಟಿ ಹೆಚ್ಚುಕಡಿಮೆ ಸರಿಯಾದ ಉಪಾಯವೇ ಆಗಿತ್ತು. ಗುಳಿಗೆ ಧೂಳು ಸೇರದಂತೆ ಟೇಪು ಅಂಟಿಸಿ ತನ್ನಿ ಎಂದು ಕಲಿಸುವಾಗ ನನಗೂ ಹೇಳಿಕೊಟ್ಟಿದ್ದರು. ಒಂದು ತಿಂಗಳು ಆ ಮನುಷ್ಯ ಗುಳಿಯನ್ನು ಕಾಪಾಡಿದ್ದ. ಹೆಬ್ಬೆರಳು ಕೂಡ ಇಟ್ಟಿರಲಿಲ್ಲ.

'ಈಗ ಗುಳಗಿ ಮಾತಾಡಿ ಎಲ್ಲಾರ್ನೂ ನಗಿಸಿದ್ನೆಲ್ಲ, ಆಗ ಯಾಕ ಹೇಳಲಿಲ್ಲ?' ಎಂದೆ.

'ನಾ ಹೇಳಿದ್ರ ಸಾವಕಾರ್ರು ನಂಬಂಗಿಲ್ರಿ. ನೀವ ಹೇಳಿದ್ರ ನಂಬತಾರ' ಎಂದು ತಾಡಪತ್ರಿಯ ಅಂಚನ್ನು ಸ್ವಲ್ಪ ಮೇಲೆತ್ತಿ ಹಿಡಿದ. ಅವನ ಕೈ ಅಷ್ಟು ಹೊತ್ತು ಮೇಲೇ ಇತ್ತು. ಸೊಂಟ ಹಿಡಿದಿರಬೇಕು, ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತಿದ್ದ. ಅದನ್ನೂ ನಾನು ಆಗಲೇ ಕಂಡದ್ದು.

ನನಗೆ ಒಂದು ಸುಲಭದ ದಾರಿ ಇತ್ತು. ವಿಭೂತಿಯ ಮಾತು ಹೇಳಿ ಪಟ್ಟಿಯ ಮಾತು ನುಂಗಿಬಿಡಬಹುದಿತ್ತು. ಆದರೆ ಪಟ್ಟಿಯ ಮಾತು ಉಳಿದರೆ ಅವನು ಮುಚ್ಚಿಟ್ಟವನಾಗಿಯೇ ಉಳಿಯುತ್ತಿದ್ದ, ಟ್ರ್ಯಾಕ್ಟರ್ ಹತ್ತುತ್ತಿದ್ದ. ಇನ್ನೂ ಸುಲಭದ ದಾರಿಯೆಂದರೆ ಸೂಜಿಯಿಂದ ಆ ಮೂರು ಜಾಗವನ್ನು ಪೂರ್ತಿ ಕೆದರಿ ರಾಳ ತುಂಬುವುದು. ಬಿರುಕು ಕಾಣದಂತಾಗುತ್ತಿತ್ತು, ವಿಭೂತಿಯೂ ಹೋಗುತ್ತಿತ್ತು, ಸಾವಕಾರರು ಬನಹಟ್ಟಿಯ ತುಂಬ ನನ್ನ ಕೈಯನ್ನು ಹೊಗಳುತ್ತಿದ್ದರು. ಸೂಜಿ ಕೈಯಲ್ಲೇ ಇತ್ತು. ಒಂದು ಕ್ಷಣ ಹಾಗೆ ಮಾಡುವ ಮನಸ್ಸೂ ಆಯಿತು. ಅದನ್ನು ಬರೆಯದಿದ್ದರೆ ಈ ಬರಹ ಸುಳ್ಳಾಗುತ್ತದೆ.

ಸೂಜಿಯನ್ನು ಪೆಟ್ಟಿಗೆಯೊಳಗಿಟ್ಟೆ. ತಾಡಪತ್ರಿ ಕೆಳಗಿಳಿಸಲು ಹೇಳಿ, ಸಾವಕಾರರನ್ನು ಹೊರಗೆ ಕರೆದೆ. ಲೂಮಿನವರೂ ಬಂದು ಸುತ್ತ ನಿಂತರು.

'ಇಲ್ಲಿ ಮೂರ್ ಬೆರಳ ಇಡ್ರಿ ಸಾವಕಾರ್ರ.'

ಇಟ್ಟರು. ಅವರ ಬೆರಳು ನನ್ನದಕ್ಕಿಂತ ಸರಿಯಾಗಿ ಕೂತವು.

'ಸೀಳಿನೊಳಗ ವಿಭೂತಿ ಇಳದೈತಿ. ನೀವು ಎಳಿಯೂ ಹೊತ್ತಿಗೆ ಗ್ಲಾಸ್ ಸೀಳಿತ್ತು. ತಣ್ಣಗಿದ್ದ ಗ್ಲಾಸಿಗೆ ಸುಡೂನೀರು ಬಿತ್ತು, ಗುಳಿ ಬಾಯಿ ಬಿಡ್ತು. ಇಂವಾ ದಾರ್ಯಾಗ ಏನೂ ಮಾಡಿಲ್ಲ.'

ಅವರ ಮುಖ ಬಿಗಿಯಿತು. 'ಗುಳಿ? ಗುಳಿ ಮಾಡಿ ಪಟ್ಟಿ ಹಚ್ಚಿ ಮುಚ್ಚಿಟ್ಟಿದ್ದು?'

'ಮುಚ್ಚಿಟ್ಟಿಲ್ಲ. ಕಲ್ಲ ಬಡದದ್ದನ್ನ ನನ್ನ ಅಂಗಡಿಗೆ ತಂದಿದ್ದ. ನಾ ನೋಡಲಿಲ್ಲ. ಡ್ರೈವರ್ ಕೂಡ ಮಾತಾಡಂಗಿಲ್ಲ ಅಂದೆ. ಪಟ್ಟಿ ಹಚ್ಚಂತ ಚಾಷ್ಟಿ ಮಾಡಿ ಕಳಸಿದೆ. ಇಂವಾ ನನ್ನ ಮಾತು ಖರೇ ಅಂತ ತಿಳದು ಹಚ್ಚಿದ. ಅವತ್ತ ನಾ ಅರ್ಧಾ ತಾಸು ಕುಂತಿದ್ರ ಇವತ್ತ ಇದ ಇರತಿರಲಿಲ್ಲ.'

ಲೂಮುಗಳು ಬಡಿಯುತ್ತಲೇ ಇದ್ದವು. ಸ್ವಲ್ಪ ಹೊತ್ತಿನ ಹಿಂದೆ ನನ್ನ ಗುಳಿಗೆಯ ಮಾತಿಗೆ ನಕ್ಕಿದ್ದ ಹಿರಿಯ ಈಗ ನನ್ನ ಬರಿಗಾಲು ನೋಡುತ್ತಿದ್ದ. ಚಪ್ಪಲಿ ಹಾಕಿಕೊಳ್ಳುವುದನ್ನು ನಾನು ಮರೆತಿದ್ದೆ.

'ಹಂಗಾರ ತಪ್ಪು ನಿಮ್ದ ಆತಲ್ರಿ' ಎಂದರು ಸಾವಕಾರರು. ಬಿಸಿನೀರಿನ ಮಾತು ಅವರ ಕಿವಿಗೆ ಬಿದ್ದೇ ಇರಲಿಲ್ಲವೇನೋ ಎಂಬಂತೆ.

'ನಂದೂ ಹೌದು' ಎಂದೆ.

'ಅಮಾಸಿ ದಿನ ಯಾರದೋ ಕಣ್ಣ ಬಿದ್ದೈತಿ, ಬಿಡ್ರಿ' ಎಂದರು ಅವರು, ಸುತ್ತ ನಿಂತವರಿಗೆ ಕೇಳುವ ಹಾಗೆ. ತಪ್ಪನ್ನು ಊರಿನಲ್ಲಿ ಯಾರದೋ ಕಣ್ಣಿನ ಮೇಲೆ ಹಾಕಿದರೆ ಯಾರ ಕೈಯ ಮೇಲೂ ಬರುವುದಿಲ್ಲ. ಡ್ರೈವರನ ಕಡೆ ತಿರುಗದೆಯೇ ಮುಂದಿನ ಮಾತು ಹೇಳಿದರು: 'ಕೀಲಿ ಮೇಜಿನ ಮ್ಯಾಲ ಐತಿ. ಹೊಸಾ ಗ್ಲಾಸ್ ಬಂದ ಮ್ಯಾಲ ಗಾಡಿ ಜಮಖಂಡಿಗೆ ಒಯ್ಯಿ. ಇವರ ಹಾಕಿಕೊಡ್ಲಿ.' ಅವರಿಂದ ಅದಕ್ಕಿಂತ ಹೆಚ್ಚಿನದು ಬರುವುದಿಲ್ಲ ಎಂದು ಅವನಿಗೂ ಗೊತ್ತಿತ್ತು. ಒಳಗೆ ಹೋಗಿ ಕೀಲಿ ತೆಗೆದುಕೊಂಡು ಬಂದ.

ಸಾವಕಾರರು ತಮ್ಮನ ಗಾಡಿಯಲ್ಲಿ ಮುಧೋಳಕ್ಕೆ ಹೋಗಿಬಂದರು. ಮರುದಿನ ಹುಬ್ಬಳ್ಳಿಯಿಂದ ಗಾಜು ಬಂತು. ಡ್ರೈವರ್ ಗಾಡಿ ತಂದು ನನ್ನ ಬಾಗಿಲಲ್ಲಿ ನಿಲ್ಲಿಸಿ, ಒಳಗೆ ಬರದೆ, ಮೊದಲಿನ ಜಾಗದಲ್ಲೇ ನಿಂತ. ಈ ಸಲ ಮಫ್ಲರ್ ಇರಲಿಲ್ಲ. 'ಒಳಗ ಬರ್ರಿ, ಕುಂದರ್ರಿ' ಎಂದು ಕುರ್ಚಿ ತೋರಿಸಿದೆ. ಆತ ಕುರ್ಚಿಯನ್ನು ನೋಡಿ, ಬೇಡ ಎಂದು ಕೈಯಾಡಿಸಿದ.

ವೈಪರ್ ಬಿಚ್ಚಿದೆ, ಒಳಗಿನ ಕನ್ನಡಿ ತೆಗೆದೆ. ಗಾಜನ್ನು ಹಿಡಿದುಕೊಂಡಿರುವ ಕಪ್ಪು ಅಂಟಿನ ಸುತ್ತ ತಂತಿ ಹಾಕಿ ಇಬ್ಬರೂ ಆಚೆ ಈಚೆ ಎಳೆದು ಕೊಯ್ದೆವು. ಹಳೆಯ ಅಂಟನ್ನು ಪೂರ್ತಿ ಕೆರೆಯಬಾರದು, ತೆಳುವಾದ ಒಂದು ಪದರ ಬಿಡಬೇಕು, ಹೊಸ ಅಂಟು ಅದಕ್ಕೇ ಚೆನ್ನಾಗಿ ಹಿಡಿಯುತ್ತದೆ. ಕೆರೆದು, ಒರೆಸಿ, ಪ್ರೈಮರ್ ಹಚ್ಚಿ ಒಣಗಿಸಿ, ಸುತ್ತ ಒಂದೇ ಎತ್ತರಕ್ಕೆ ಅಂಟು ಬಿಟ್ಟೆ. ಹೊಸ ಗಾಜಿಗೆ ರಬ್ಬರಿನ ಹಿಡಿ ಕಚ್ಚಿಸಿ ಒಂದು ಬದಿ ನಾನು, ಒಂದು ಬದಿ ಆತ ಎತ್ತಿದೆವು. ಅಂಟಿನ ಮೇಲೆ ಒಮ್ಮೆ ಕೂತ ಗಾಜನ್ನು ಮತ್ತೆ ಸರಿಸಬಾರದು. ಅದನ್ನು ಹೇಳಿದ್ದೆ. ನಾನು 'ಬಿಡ್ರಿ' ಅನ್ನುವವರೆಗೆ ಆತ ಬಿಡಲಿಲ್ಲ, ಅಂದ ಮೇಲೆ ಒಂದು ಎಳೆಯಷ್ಟೂ ತಡ ಮಾಡಲಿಲ್ಲ. ಇಷ್ಟು ವರ್ಷ ನನ್ನ ಕೈಕೆಳಗೆ ದುಡಿದ ಯಾರೂ ಹೀಗೆ ನನ್ನ ಮಾತನ್ನು ಇದ್ದದ್ದು ಇದ್ದ ಹಾಗೆ ಕೇಳಿರಲಿಲ್ಲ.

ಸಂಜೆಯವರೆಗೆ ಗಾಡಿಯನ್ನು ಅಲುಗಾಡಿಸಲಿಲ್ಲ. ಆತ ಕಟ್ಟಿಕೊಂಡು ಬಂದ ರೊಟ್ಟಿ ತಿಂದು ಗೋಡೆಗೆ ಸೊಂಟ ಆನಿಸಿ ಕೂತಿದ್ದ. ಹೊರಡುವ ಹೊತ್ತಿಗೆ ನಾನು ಹೇಳಿದೆ:

'ಮ್ಯಾಲಿನ ಅಂಚಿಗೆ ನಾಕ್ ಕಡೆ ಟೇಪ್ ಹಚ್ಚೇನಿ. ನಾಳೆ ಸಂಜೀತನ ತಗೀಬ್ಯಾಡ್ರಿ. ಬಾಗಲಾ ಜೋರ್ ಹಾಕಬ್ಯಾಡ್ರಿ, ಒಂದ್ ಕಿಟಕಿ ಎರಡ್ ಬೆರಳು ಇಳಿಸಿ ಬಿಡ್ರಿ. ಎರಡ್ ದಿನ ನೀರ ಹಾಕಬ್ಯಾಡ್ರಿ. ಸಾವಕಾರ್ರು ಪೂಜಾ ಅಂದ್ರ, ಗ್ಲಾಸಿಗೆ ಬಿಸಿನೀರ ಮಾತ್ರ ಬ್ಯಾಡ್ರಿ ಅಂತ ಹೇಳ್ರಿ.'

ಆತ ಗಾಜಿನ ಮೇಲಂಚಿನ ನಾಲ್ಕು ತುಂಡು ಟೇಪನ್ನು ಒಂದೊಂದಾಗಿ ನೋಡಿದ. ಆಮೇಲೆ ನನ್ನ ಮುಖವನ್ನು ನೋಡಿದ.

'ಇದನ್ನ ಖರೇನ ಹೇಳಾಕತ್ತೀರೋ, ಚಾಷ್ಟಿ ಮಾಡಾಕತ್ತೀರೋ?'

ಕುಟುಕಲು ಕೇಳಿದ್ದಲ್ಲ. ಮುಖದಲ್ಲಿ ನಗು ಇರಲಿಲ್ಲ, ಸಿಟ್ಟೂ ಇರಲಿಲ್ಲ. ಆತನಿಗೆ ನಿಜವಾಗಿಯೂ ತಿಳಿಯಬೇಕಿತ್ತು.

'ಖರೇನ ಹೇಳಾಕತ್ತೇನ್ರಿ' ಎಂದೆ.

'ಹಂಗಾರ ಒಂದ್ ಚೀಟಿ ಮ್ಯಾಲ ಬರದ ಕೊಡ್ರಿ. ಕೆಳಗ ನಿಮ್ಮ ಸಹಿ ಇರಲಿ.'

ಅಂಗಡಿಯ ಹಾಳೆ ತೆಗೆದು ಬರೆದೆ. ಬಾಗಿಲಿನ ಮಾತು, ಕಿಟಕಿಯ ಮಾತು, ನೀರಿನ ಮಾತು. ಕೆಳಗೆ ಸಹಿ ಹಾಕಿ ಕೊಟ್ಟೆ. ಆತ ಬಾಗಿಲಲ್ಲೇ ನಿಂತು, ಬೆಳಕಿಗೆ ಹಿಡಿದು, ಮೊದಲಿಂದ ಕೊನೆಯವರೆಗೆ ಓದಿದ. ಓದಿ ಮುಗಿಸಿ ಚೀಟಿಯನ್ನು ನನ್ನ ಕಡೆ ಚಾಚಿದ.

'ಟೇಪಿನ ಮಾತು ಬಿಟ್ಟೀರಿ.'

ಇಸಿದುಕೊಂಡು ಅದನ್ನೂ ಬರೆದುಕೊಟ್ಟೆ.